ಮಾತಾಡಿದವರ ಹೆಸರು

ನನಗೆ ಗಲಾಟೆ ಆಗಿಬರುವುದಿಲ್ಲ. ಪ್ರೈಮರಿ ಶಾಲೆಯ ಮೇಷ್ಟ್ರು ಹೀಗೆ ಹೇಳುವುದು, ಹಾಲು ಕರೆಯುವವನು ಹಸುವಿನ ವಾಸನೆ ಆಗದು ಎಂದ ಹಾಗೆ. ಆದರೂ ಹೇಳುತ್ತೇನೆ. ಇಪ್ಪತ್ತು ವರ್ಷ ಮಕ್ಕಳ ನಡುವೆ ಕಳೆದರೂ ಇಬ್ಬರು ಒಟ್ಟಿಗೆ ಬಾಯಿ ತೆಗೆದರೆ ನನ್ನ ತಲೆ ಚಿಟಚಿಟ ಎನ್ನುತ್ತದೆ.

ನಮ್ಮ ಶಾಲೆ ಇರುವುದು ಕೌದಳ್ಳಿ ದಾಟಿದ ಮೇಲೆ. ಹನೂರಿನಲ್ಲಿ ಬೆಟ್ಟದ ಬಸ್ಸು ಹತ್ತಿ, ರಸ್ತೆಯಲ್ಲಿ ಇಳಿದು, ಜೋಳದ ಹೊಲಗಳ ನಡುವೆ ಅರ್ಧ ಗಂಟೆ ನಡೆಯಬೇಕು. ಒಂದರಿಂದ ಐದನೇ ತರಗತಿಯವರೆಗೆ ಇಪ್ಪತ್ತಮೂರು ಮಕ್ಕಳು, ಎಲ್ಲರಿಗೂ ಒಂದೇ ಕೊಠಡಿ, ನಾನೊಬ್ಬನೇ ಮೇಷ್ಟ್ರು. ಇನ್ನೊಂದು ಕೊಠಡಿ ಇದೆ, ಅದರಲ್ಲಿ ಬಿಸಿಯೂಟದ ಅಕ್ಕಿ, ಬೇಳೆ, ಹಾಲಿನ ಪುಡಿ ಮತ್ತು ಕಾಲು ಮುರಿದ ಬೆಂಚುಗಳು ಓದುತ್ತಿವೆ. ಮೊದಲು ಒಬ್ಬರು ಮೇಡಂ ಇದ್ದರು. ನಿಯೋಜನೆ ಮೇಲೆ ಬೇರೆ ಕಡೆ ಹೋದವರು ಈಚೆ ಕಡೆ ತಲೆ ಹಾಕಲಿಲ್ಲ.

ಒಂದನೇ ತರಗತಿಗೆ ಅಕ್ಷರ ತಿದ್ದಿಸುವಾಗ ಐದನೇ ತರಗತಿ ಸುಮ್ಮನಿರಬೇಕು, ಐದಕ್ಕೆ ಭಾಗಾಕಾರ ಹೇಳುವಾಗ ಉಳಿದ ನಾಲ್ಕೂ ಸುಮ್ಮನಿರಬೇಕು. ಇದರ ಜೊತೆಗೆ ದಿನಕ್ಕೆ ಎರಡು ಮೂರು ಸಲ ನಾನು ಹೊರಗೆ ಹೋಗಲೇಬೇಕು. ಹಾಜರಾತಿ, ಹಾಲು, ಮೊಟ್ಟೆ, ಎಲ್ಲವನ್ನೂ ಫೋನಿನಲ್ಲಿ ತುಂಬಿ ಕಳಿಸಬೇಕು. ಕೊಠಡಿಯೊಳಗೆ ನೆಟ್‌ವರ್ಕ್ ಇಲ್ಲ. ಅಂಗಳದ ಬೇವಿನ ಮರದ ಕಟ್ಟೆ ಹತ್ತಿ ನಿಂತರೆ ಎರಡು ಕಡ್ಡಿ ಬರುತ್ತದೆ. ನಾನು ಕಟ್ಟೆ ಮೇಲೆ ಕೈ ಎತ್ತಿ ನಿಂತಿರುವಾಗ ಒಳಗೆ ಏನಾಗುತ್ತದೆ ಎಂದು ಮೇಷ್ಟ್ರುಗಳಿಗೆ ಹೇಳಬೇಕಾಗಿಲ್ಲ.

ಅದಕ್ಕೆ ನಾನು ಇಟ್ಟುಕೊಂಡಿದ್ದ ಮದ್ದು ಹಳೆಯದು. ಕನ್ನಡ ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತಿರುತ್ತದೆ. ಮೇಷ್ಟ್ರು ಹೊರಗೆ ಹೋದಾಗ ಲೀಡರ್ ಎದ್ದು ನಿಂತು, ಬೋರ್ಡಿನ ಎಡಮೂಲೆಯಲ್ಲಿ ‘ಮಾತಾಡಿದವರ ಹೆಸರು’ ಎಂದು ಬರೆದು, ಕೆಳಗೆ ಗೀಟು ಹಾಕಿ, ಬಾಯಿ ಬಿಟ್ಟವರ ಹೆಸರನ್ನು ಒಂದೊಂದಾಗಿ ಬರೆಯುವುದು. ಬರೆದ ಮೇಲೂ ಮಾತಾಡಿದರೆ ಹೆಸರಿನ ಮುಂದೆ ಇಂಟು. ಮೂರು ಇಂಟು ಬಿದ್ದವರಿಗೆ ಕೊನೆಯ ಪೀರಿಯಡ್ಡಿನ ಆಟ ಇಲ್ಲ. ನಾನು ಕೋಲು ಮುಟ್ಟುವವನಲ್ಲ, ಕೈ ಎತ್ತುವವನೂ ಅಲ್ಲ. ಸೀಮೆಸುಣ್ಣದ ತುಂಡಿನಲ್ಲೇ ಇಪ್ಪತ್ತಮೂರು ಬಾಯಿ ಕಟ್ಟಿಹಾಕಿದ್ದೇನೆ ಎಂದು ನನಗೆ ಒಳಗೊಳಗೇ ಜಂಬ ಇತ್ತು.

ಆ ಮೂಲೆಯಲ್ಲಿ ದಿನವೂ ತಪ್ಪದೆ ಇರುತ್ತಿದ್ದ ಹೆಸರು ಒಂದೇ. ನಾಲ್ಕನೇ ತರಗತಿಯ ಒಬ್ಬ ಹುಡುಗಿಯದು. ಅವಳ ಹೆಸರಿನ ಮುಂದೆ ಇಂಟುಗಳು ಗೋಡೆ ಮುಟ್ಟುತ್ತಿದ್ದವು.

ಅಷ್ಟು ಮಾತಾಡುವ ಕೂಸನ್ನು ನಾನು ನೋಡಿರಲಿಲ್ಲ. ಬೆಳಿಗ್ಗೆ ನಾನು ಗೇಟು ತೆಗೆಯುವುದಕ್ಕೆ ಮೊದಲೇ ಅವಳು ಗೇಟಿನ ಹತ್ತಿರ ಇರುತ್ತಿದ್ದಳು. ಬೀಗ ತೆಗೆಯುವಷ್ಟರಲ್ಲಿ ಶುರು.

“ಸಾ, ನಮ್ ಕೋಳಿ ನೆನ್ನೆ ಎಲ್ಲಿ ಮೊಟ್ಟೆ ಇಕ್ತು ಯೋಳಿ ಸಾ. ಪಾತ್ರೆ ಒಳಗೆ ಸಾ! ನಮ್ಮಜ್ಜಿ ನೋಡ್ದೆ ಅದರ ಮ್ಯಾಲೇ ನೀರ್ ಉಯ್ದ್ಬುಡ್ತು ಸಾ. ಆಮ್ಯಾಕೆ ಏನಾಯ್ತು ಗೊತ್ತಾ ಸಾ...”

“ಆಯ್ತು, ಆಯ್ತು. ಒಳಗೆ ಹೋಗು” ಎನ್ನುತ್ತಿದ್ದೆ. ಆಮೇಲೆ ಏನಾಯಿತೋ ಕೇಳುತ್ತಿರಲಿಲ್ಲ. ಅವಳು ಉಳಿದದ್ದನ್ನು ಪಕ್ಕದವಳಿಗೆ ಹೇಳುತ್ತಿದ್ದಳು. ಪಕ್ಕದವಳು ಕೇಳದಿದ್ದರೆ ಒಂದನೇ ತರಗತಿಯವರಿಗೆ ಹೇಳುತ್ತಿದ್ದಳು. ಅವರೂ ಕೇಳದಿದ್ದರೆ ಕಿಟಕಿಗೆ. ನಡುನಡುವೆ ಹತ್ತು ಬಾಯಿಗಳಿಂದ ಒಟ್ಟಿಗೆ ದೂರು ಬರುತ್ತಿತ್ತು: “ಸಾ, ಇವ್ಳು ಮಾತಾಡ್ತಾವ್ಳೆ ಸಾ!” ಅವಳ ಒಂದು ಬಾಯಿಗಿಂತ ಈ ಹತ್ತು ಬಾಯಿಯದೇ ಹೆಚ್ಚು ಕಾಟ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನನ್ನ ಸ್ವಂತ ಮನೆ ಕೊಳ್ಳೇಗಾಲದಲ್ಲಿದೆ. ಹೆಂಡತಿ ಯಳಂದೂರಿನವಳು, ಬಾಯಿತುಂಬ ಮಾತು. ನಾನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ “ಇವತ್ತೇನಾಯ್ತು ಗೊತ್ತಾ?” ಎಂದು ಮಾತು ತೆಗೆಯುತ್ತಿದ್ದಳು. ತರಕಾರಿಯವಳು ಅಂದದ್ದು, ಎದುರುಮನೆಯ ಬೆಕ್ಕು ಮಾಡಿದ್ದು, ನಲ್ಲಿಯಲ್ಲಿ ನೀರು ಬಂದದ್ದು, ನಿಂತದ್ದು. ದಿನವೆಲ್ಲ ಮಕ್ಕಳ ಕೂಗು ಕೇಳಿ ಬಂದವನಿಗೆ ಅದು ಬೇಡವಾಗುತ್ತಿತ್ತು. “ಒಸಿ ಸುಮ್ಕಿರೇ” ಎನ್ನುತ್ತಿದ್ದೆ. ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಕಾಫಿ ಕೊಟ್ಟು ಮತ್ತೆ ಶುರುಮಾಡುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ಮೂರು ವರ್ಷದ ಹಿಂದೆ ಜ್ವರ ಎಂದು ಮಲಗಿದವಳು ಹನ್ನೊಂದನೇ ದಿನಕ್ಕೆ ಹೋಗಿಬಿಟ್ಟಳು. ಆಸ್ಪತ್ರೆಯಲ್ಲಿ ಕೊನೆಯ ಎರಡು ದಿನ ಮಾತೇ ಇರಲಿಲ್ಲ. ಆ ಎರಡು ದಿನ ನಾನೇ ಮಂಚದ ಪಕ್ಕ ಕೂತು ಏನೇನೋ ಹೇಳಿದೆ, ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ಆ ಮನೆಯಲ್ಲಿ ಇರಲಾಗದೆ ಅದನ್ನು ಬಾಡಿಗೆಗೆ ಕೊಟ್ಟು ಹನೂರಿಗೆ ಬಂದು ಒಂದು ರೂಮು ಹಿಡಿದೆ. ಮಹಡಿ ಮೇಲಿನ ಒಂಟಿ ರೂಮು. ಸಂಜೆ ಆರಕ್ಕೆ ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಎಂಟರವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡುವ ಪ್ರಸಂಗ ಬರುವುದಿಲ್ಲ. ಮೊದಲು ಹೆದರಿಕೆಯಾಗುತ್ತಿತ್ತು. ಆಮೇಲೆ ಅದೇ ರೂಢಿಯಾಯಿತು. ರೂಢಿಯಾದ ಮೇಲೆ ಶಾಲೆಯ ಸದ್ದು ಮೊದಲಿಗಿಂತ ಜಾಸ್ತಿ ಚುಚ್ಚತೊಡಗಿತು.

ಒಂದು ದಿನ ತಲೆಕೆಟ್ಟು, ಮೇಷ್ಟ್ರುಗಳೆಲ್ಲ ಮಾಡುವ ಇನ್ನೊಂದು ಉಪಾಯ ಮಾಡಿದೆ. ಹೆಚ್ಚು ಗಲಾಟೆ ಮಾಡುವವರನ್ನೇ ಲೀಡರ್ ಮಾಡುವುದು. ಆ ಹುಡುಗಿಯನ್ನು ಕರೆದು ಸೀಮೆಸುಣ್ಣ ಕೈಗೆ ಕೊಟ್ಟೆ.

“ಇನ್ಮೇಲೆ ಲೀಡರ್ ನೀನೇ. ಲೀಡರ್ ಆದವಳು ಮಾತಾಡಬಾರದು, ತಿಳೀತಾ?”

ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳ ಕೈಗೆ ಶಾಲೆಯಲ್ಲಿ ಯಾರೂ ಏನೂ ಕೊಟ್ಟಿರಲಿಲ್ಲ. “ಊಂ ಸಾ” ಎಂದವಳು, ತಕ್ಷಣ ನೆನಪಾಗಿ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು.

ಉಪಾಯ ಫಲಿಸಿತು ಎಂದರೆ ಸಾಲದು. ಉಳಿದ ಲೀಡರ್‌ಗಳು ಹುಣಿಸೆಹಣ್ಣಿಗೋ ಅರ್ಧ ಚಿಕ್ಕಿಗೋ ಸೋತು ಹೆಸರು ಅಳಿಸುತ್ತಿದ್ದರು, ಅದು ನನಗೂ ಗೊತ್ತಿತ್ತು. ಇವಳು ಯಾವುದಕ್ಕೂ ಬಗ್ಗಲಿಲ್ಲ. ಪಿಸುಗುಟ್ಟಿದರೂ ಹೆಸರು. ನಕ್ಕರೂ ಹೆಸರು. ಒಂದನೇ ತರಗತಿಯ ಮಗು ಅತ್ತದ್ದಕ್ಕೂ ಒಂದು ಇಂಟು ಹಾಕಿ, ಆಮೇಲೆ ಯೋಚನೆ ಮಾಡಿ ಅಳಿಸಿದಳು. ಅವಳಂತೂ ತುಟಿ ಎರಡು ಮಾಡಲಿಲ್ಲ. ಹದಿನೈದು ದಿನದಲ್ಲಿ ತರಗತಿ ಎಂಥಾ ನಿಶ್ಶಬ್ದವಾಯಿತೆಂದರೆ, ಕಟ್ಟೆಯ ಮೇಲೆ ನಿಂತವನಿಗೆ ಮಕ್ಕಳು ಮನೆಗೆ ಹೋಗಿಬಿಟ್ಟರೇನೋ ಎನ್ನಿಸುತ್ತಿತ್ತು.

ಅದೇ ಸಮಯಕ್ಕೆ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆ ನೋಡಲು ಬಂದರು. ಬಾಗಿಲಲ್ಲಿ ನಿಂತು ಎರಡು ನಿಮಿಷ ನೋಡಿದರು.

“ಕ್ಲಾಸ್ ಅಂದ್ರೆ ಹೀಗಿರಬೇಕು ಕಣ್ರೀ. ಏನ್ ಮಾಡ್ತೀರಿ ನೀವು?”

ನಾನು ಉಬ್ಬಿಹೋಗಿ ಅವಳನ್ನು ತೋರಿಸಿದೆ. “ಎಲ್ಲ ನಮ್ಮ ಲೀಡರ್ ಮಹಿಮೆ ಸಾರ್.” ಅವಳು ಸೀಮೆಸುಣ್ಣ ಹಿಡಿದು ನೆಟ್ಟಗೆ ನಿಂತಿದ್ದಳು. ಸಾಹೇಬರು ಅವಳ ಹೆಸರು ಕೇಳಿದರು. ಅವಳು ನನ್ನ ಮುಖ ನೋಡಿದಳು, ಬಾಯಿ ಬಿಡಲಿಲ್ಲ. ನಾನೇ ಹೆಸರು ಹೇಳಿದೆ. ಇದು ಒಂದು ಥರಾ ಇದೆಯಲ್ಲ ಎಂದು ನನಗೆ ಆಗ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ, ಮೆಚ್ಚುಗೆಯ ಮತ್ತಿನಲ್ಲಿದ್ದೆ.

ಮೊದಲು ನನ್ನ ಕಣ್ಣು ತೆರೆಸಿದವರು ಅಡುಗೆಯಮ್ಮ. ಒಂದು ಮಧ್ಯಾಹ್ನ ಸಾರಿನ ಪಾತ್ರೆ ತೊಳೆಯುತ್ತಾ ಅಂದರು.

“ಸಾ, ಆ ಕೂಸಿನ ಪಕ್ಕದಲ್ಲಿ ಯಾವ ಮಕ್ಳೂ ಕೂತ್ಕಂಡು ಉಣ್ಣಕಿಲ್ಲ. ಆಟಕ್ಕೂ ಸೇರುಸ್ಕಳಕಿಲ್ಲ. ಎಸ್ರು ಬರೀತಾಳೆ ಅಂತ ಇವಳು ಬಂದ್ರೆ ಎಲ್ಲಾ ಬಾಯ್ ಮುಚ್ಕಂಡು ಎದ್ದೋಯ್ತವೆ.”

“ಮಕ್ಕಳಲ್ಲವಾ, ಸರಿಹೋಗ್ತಾರೆ ಬಿಡಿ” ಎಂದೆ. ಆದರೆ ಮರುದಿನ ಊಟದ ಹೊತ್ತಿನಲ್ಲಿ ನೋಡಿದೆ. ಮಕ್ಕಳು ಜಗಲಿಯ ಆ ತುದಿಯಲ್ಲಿ, ಅವಳು ಈ ತುದಿಯಲ್ಲಿ ತಟ್ಟೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅನ್ನ ಕಲೆಸುತ್ತಿದ್ದಳು. ನಾನು ಹನೂರಿನ ಹೋಟೆಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ತಿನ್ನುವುದೂ ಹಾಗೇ. ಆ ಹೋಲಿಕೆ ನನಗೆ ಹಿಡಿಸಲಿಲ್ಲ, ಮೊಟ್ಟೆಯ ಫೋಟೋ ಕಳಿಸುವುದಿದೆ ಎಂದು ನೆಪ ಮಾಡಿಕೊಂಡು ಬೇವಿನ ಕಟ್ಟೆ ಹತ್ತಿದೆ.

ಮರುವಾರ ಅವಳು ಮೂರು ದಿನ ಶಾಲೆಗೆ ಬರಲಿಲ್ಲ. ಮಕ್ಕಳನ್ನು ಕೇಳಿದರೆ ಯಾರಿಗೂ ತಿಳಿಯದು. “ನಾವ್ ಅವಳ್ನ ಮಾತಾಡ್ಸಕಿಲ್ಲ ಸಾ” ಎಂದಳು ಐದನೇ ತರಗತಿಯವಳೊಬ್ಬಳು, ಅದೇನೋ ಒಳ್ಳೆಯ ನಡತೆ ಎನ್ನುವ ಹಾಗೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾನೇ ಅವಳ ಮನೆ ಹುಡುಕಿಕೊಂಡು ಹೋದೆ.

ಊರಾಚೆ, ಹೊಲದ ಅಂಚಿನಲ್ಲಿ ಶೀಟಿನ ಮನೆ. ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿತ್ತು. “ನಾನು ಸ್ಕೂಲ್ ಮೇಷ್ಟ್ರು” ಎಂದೆ. ತಲೆ ಎತ್ತಲಿಲ್ಲ. ಜೋರಾಗಿ ಹೇಳಿದೆ. ಆಗಲೂ ಇಲ್ಲ. ನನ್ನ ನೆರಳು ಮೊರದ ಮೇಲೆ ಬಿದ್ದ ಮೇಲೆ ಬೆಚ್ಚಿ ನೋಡಿ, ಒಳಗೆ ಕೈ ತೋರಿಸಿತು.

ಹುಡುಗಿ ಒಳಗೆ ಚಾಪೆಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಜ್ವರ ಬಂದು ಈಗ ಇಳಿದಿತ್ತು. ಪಕ್ಕದ ಮಂಕರಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನನ್ನನ್ನು ನೋಡಿ ಅವಳು ದಡಕ್ಕನೆ ಎದ್ದಳು.

“ಕೂತ್ಕೋ ಮಗ. ಅಪ್ಪ ಅವ್ವ ಎಲ್ಲವ್ವ?”

“ಪಾಲಾರ್ ಗಡಿ ಆಚ್ಗೆ ಮಿಲ್ ಕೆಲ್ಸಕ್ಕೆ ಓಗವ್ರೆ ಸಾ. ಅಬ್ಬಕ್ಕೆ ಬತ್ತಾರೆ.” ಅವಳ ದನಿ ಕೇಳಿ ಎಷ್ಟು ದಿನವಾಗಿತ್ತು! ಕಟ್ಟಿಹೋದ ಹಾಗಿತ್ತು.

“ಅಜ್ಜಿಗೆ ಕಿವಿ ಕೇಳಲ್ವಾ?”

“ಒಂಚೂರೂ ಕೇಳಕಿಲ್ಲ ಸಾ. ಅದು ಮಾತಾಡ್ತದೆ. ನಾ ಮಾತಾಡದು ಅದ್ಕೆ ಕೇಳಕಿಲ್ಲ.”

ಆಗ ನನ್ನ ಕಣ್ಣು ಅವಳ ಹಿಂದಿನ ಗೋಡೆಗೆ ಹೋಯಿತು. ಶಾಲೆಯ ಸೀಮೆಸುಣ್ಣದ ಚೂರುಗಳು ಗೂಡಿನಲ್ಲಿದ್ದವು. ಗೋಡೆಯ ಎಡಮೂಲೆಯಲ್ಲಿ, ಬೋರ್ಡಿನ ಮೇಲೆ ಬರೆಯುವಷ್ಟೇ ಅಚ್ಚುಕಟ್ಟಾಗಿ, ‘ಮಾತಾಡಿದವರ ಹೆಸರು’ ಎಂದು ಬರೆದು ಗೀಟು ಹಾಕಿತ್ತು. ಕೆಳಗೆ: ಕೋಳಿ, ಆರು ಇಂಟು. ಮೇಕೆ, ನಾಲ್ಕು. ಹಾಲಿನ ಬೈಕು, ಎರಡು. ಅಜ್ಜಿ, ಎರಡು. ಅವ್ವ ಎಂದು ಬರೆದು ಪಕ್ಕದಲ್ಲಿ ‘ಫೋನು’ ಎಂದಿತ್ತು, ಒಂದು ಇಂಟು.

“ಇದೇನವ್ವ ಇದು?”

“ಇಲ್ಲಿ ಯಾರ್ ಮಾತಾಡುದ್ರೂ ಬರೀತೀನಿ ಸಾ. ಬೈಯಕಲ್ಲ. ಸುಮ್ಕೆ. ಎಷ್ಟ್ ಜನ ಮಾತಾಡುದ್ರು ಅಂತ.”

“ನಿನ್ನ ಹೆಸರೇ ಇಲ್ವಲ್ಲ?”

ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ನನ್ನನ್ನು ನೋಡಿದಳು. “ಲೀಡ್ರು ಮಾತಾಡ್ಬಾರ್ದಲ್ಲ ಸಾ.”

ನಾನು ಅಲ್ಲೇ ಹೊಸಿಲ ಹತ್ತಿರ ಕೂತೆ. ಈ ಮನೆಯಲ್ಲಿ ಅವಳ ಮಾತು ಕೇಳುವ ಕಿವಿ ಇರಲಿಲ್ಲ. ಶಾಲೆಯ ಗೇಟು ತೆಗೆಯುವುದಕ್ಕೆ ಮುಂಚೆಯೇ ಅವಳು ಯಾಕೆ ಬಂದು ನಿಲ್ಲುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ಇಡೀ ದಿನದಲ್ಲಿ ಅವಳಿಗೆ ಮಾತಾಡಲು ಇದ್ದ ಜಾಗ ಅದೊಂದೇ. ಅದನ್ನೂ ನಾನು ಬಹುಮಾನ ಕೊಡುವವನ ಹಾಗೆ ಕಿತ್ತುಕೊಂಡಿದ್ದೆ. ನಾಚಿಕೆಯಾಯಿತು. ಅಳುವೂ ಬಂತು, ತಡೆದುಕೊಂಡೆ.

“ಸೋಮವಾರದಿಂದ ಲೀಡರ್ ಬೇಡ ಮಗ. ಹೆಸರು ಬರೆಯೋದೂ ಬೇಡ” ಎಂದೆ.

ಅವಳ ಕಣ್ಣು ತುಂಬಿತು. “ನಾ ಏನ್ ತಪ್ಪ್ ಮಾಡ್ದೆ ಸಾ? ಯಾರತ್ರಾನೂ ಏನೂ ಈಸ್ಕಂಡಿಲ್ಲ ಸಾ.”

“ನೀನಲ್ಲವ್ವ. ತಪ್ಪು ಮಾಡಿದ್ದು ನಾನು.”

ಅದು ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಹೋಗಿ ನಾನು ಏನೇನೋ ಹೇಳತೊಡಗಿದೆ. ನನ್ನ ಮನೆಯಲ್ಲೂ ಒಬ್ಬಳು ಹೀಗೇ ಮಾತಾಡುತ್ತಿದ್ದಳು ಎಂದೆ. ಎದುರುಮನೆಯ ಬೆಕ್ಕು ನಮ್ಮ ಅಟ್ಟದಲ್ಲಿ ಮರಿ ಹಾಕಿದ್ದನ್ನು ಅವಳು ಮೂರು ದಿನ ಕಂತುಕಂತಾಗಿ ಹೇಳಿದ್ದನ್ನು ಹೇಳಿದೆ. ನಾನು ಸುಮ್ಕಿರು ಎನ್ನುತ್ತಿದ್ದೆ ಎಂದೆ. ಈಗ ಹನೂರಿನ ರೂಮಿನಲ್ಲಿ ಗಡಿಯಾರ ಬಿಟ್ಟರೆ ಸದ್ದಿಲ್ಲ ಎಂದೆ. ಮೂರು ವರ್ಷದಲ್ಲಿ ಯಾರ ಹತ್ತಿರವೂ ಅಷ್ಟು ಮಾತಾಡಿರಲಿಲ್ಲ. ಒಂಬತ್ತು ವರ್ಷದ ಕೂಸಿನ ಮುಂದೆ ಇದೆಲ್ಲ ಹೇಳುವುದಾ ಎಂದು ಹೊಳೆದಾಗ ತಡವಾಗಿತ್ತು. ಅವಳು ಮಾತ್ರ ಕಂಬಳಿ ಹೊದ್ದು, ಕಣ್ಣು ಮಿಟುಕಿಸದೆ ಕೇಳಿದಳು.

ನಾನು ಹೊರಡಲು ಎದ್ದಾಗ ಅವಳು ಗೂಡಿನಿಂದ ಸೀಮೆಸುಣ್ಣದ ಚೂರು ತೆಗೆದು, ಪಟ್ಟಿಯ ಕೊನೆಯಲ್ಲಿ ‘ಸಾ’ ಎಂದು ಬರೆದಳು. ಮುಂದೆ ಇಂಟು ಹಾಕುತ್ತಾ ಹೋದಳು. ಕೋಳಿಗಿಂತ ಹೆಚ್ಚು ಬಿದ್ದವು.

“ಬೋ ಮಾತಾಡ್ಬುಟ್ರಿ ಸಾ” ಎಂದು ನಕ್ಕಳು.

ಸೋಮವಾರ ನಾನೇ ಒದ್ದೆ ಬಟ್ಟೆ ತೆಗೆದುಕೊಂಡು ಬೋರ್ಡಿನ ಎಡಮೂಲೆ ಒರೆಸಿದೆ. ವರ್ಷಗಟ್ಟಲೆ ಬರೆದು ಬರೆದು ಅಲ್ಲಿ ಬೆಳ್ಳಗಾಗಿತ್ತು, ಪೂರ್ತಿ ಹೋಗಲಿಲ್ಲ. ಮಕ್ಕಳಿಗೆ ಹೇಳಿದೆ: ಇನ್ನು ಹೆಸರು ಬರೆಯುವುದಿಲ್ಲ, ಬರೆಯಲು ಹೇಳಿದವನು ನಾನು, ಸಿಟ್ಟಿದ್ದರೆ ನನ್ನ ಮೇಲೆ ಇಟ್ಟುಕೊಳ್ಳಿ, ಅವಳ ಮೇಲೆ ಬೇಡ. ಮಕ್ಕಳು ಇದೇನೋ ಹೊಸ ಪರೀಕ್ಷೆ ಎಂದುಕೊಂಡು ಇನ್ನಷ್ಟು ಸುಮ್ಮನಾದರು.

ಕಟ್ಟಿದ ಬಾಯಿಯನ್ನು ಬಿಚ್ಚುವುದು ಹೇಗೆ ಎಂದು ಯಾವ ತರಬೇತಿಯಲ್ಲೂ ನಮಗೆ ಹೇಳಿಕೊಟ್ಟಿಲ್ಲ. ಗುಂಪು ಮಾಡಿ ಕೂರಿಸಿದೆ, ಕಥೆ ಹೇಳಿಸಲು ನೋಡಿದೆ. ಉಳಿದವರು ನಿಧಾನಕ್ಕೆ ಪಿಸುಗುಟ್ಟತೊಡಗಿದರು, ಜಗಳವಾಡತೊಡಗಿದರು. ಅವಳು ಇಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ನಿಂತಿರುತ್ತಿದ್ದಳು, ಆದರೆ ಸುಮ್ಮನೆ. “ಕೋಳಿ ಏನ್ ಮಾಡ್ತವ್ವ?” ಎಂದು ನಾನೇ ಕೇಳುತ್ತಿದ್ದೆ. “ಕಾವಿಗ್ ಕೂತದೆ ಸಾ” ಎಂದು ಅಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ಮಧ್ಯಾಹ್ನ ಜಗಲಿಯ ಈ ತುದಿಯಲ್ಲೇ ಊಟ. ನಾನು ಒಂದು ದಿನ ತಟ್ಟೆ ಹಿಡಿದು ಅವಳ ಪಕ್ಕ ಹೋಗಿ ಕೂತೆ. ಇಬ್ಬರೂ ಮಾತಿಲ್ಲದೆ ಉಂಡೆವು. ಅವಳು ಇನ್ನು ಹಾಗೇ ಉಳಿದುಬಿಟ್ಟರೆ ಅದು ನನ್ನ ಕೈಯಿಂದಲೇ ಆದದ್ದು ಎನ್ನಿಸಿತು.

ಎರಡು ವಾರ ಕಳೆದಿತ್ತು. ನಾನು ಬೇವಿನ ಕಟ್ಟೆಯ ಮೇಲೆ ನಿಂತು ಸಾಹೇಬರ ಹತ್ತಿರ ಫೋನಿನಲ್ಲಿದ್ದೆ, ಯಾವುದೋ ವರದಿ ಇನ್ನೂ ಬಂದಿಲ್ಲವೆಂದು ಅವರು ಗದರುತ್ತಿದ್ದರು. ಇದ್ದಕ್ಕಿದ್ದ ಹಾಗೆ ಕೊಠಡಿಯೊಳಗೆ ಹೋ ಎಂದು ಗದ್ದಲ ಎದ್ದಿತು. ಬೆಂಚು ಎಳೆದಾಡಿದ ಸದ್ದು, ಕಿರುಚಾಟ.

“ಏನ್ರೀ ಅದು, ಸಂತೇಲಿ ಇದ್ದೀರಾ?”

“ಇಲ್ಲ ಸಾರ್, ಸ್ಕೂಲಲ್ಲೇ.”

“ಆ ಲೀಡರ್ ಹುಡುಗಿ ಎಲ್ಲಿ?”

ಅಷ್ಟರಲ್ಲಿ ಎಲ್ಲ ದನಿಗಳನ್ನೂ ಸೀಳಿಕೊಂಡು ಒಂದು ದನಿ ಬಂತು: “ತಡೀರ್ಲಾ, ಯೋಳ್ತೀನಿ! ಬೆಳಗಾನೆ ನೋಡ್ತೀನಿ, ಮೊಟ್ಟೆ ಟಿಕ್ ಟಿಕ್ ಅಂತಾದೆ...”

“ಅವಳೇ ಸಾರ್ ಅದು” ಎಂದೆ. ಸಾಹೇಬರು ಏನೋ ಅಂದು ಇಟ್ಟುಬಿಟ್ಟರು.

ಕಿಟಕಿಯ ಹತ್ತಿರ ಹೋದೆ. ಅವಳು ಬ್ಯಾಗಿನಲ್ಲಿ ಕೋಳಿಮರಿಯೊಂದನ್ನು ತಂದಿದ್ದಳು. ಐದೂ ತರಗತಿ ಅವಳನ್ನು ಮುತ್ತಿಕೊಂಡಿತ್ತು. ಒಂದನೇ ತರಗತಿಯವರು ಬೆಂಚು ಹತ್ತಿ ನಿಂತಿದ್ದರು. ಅಂಗೈಯಲ್ಲಿ ಮರಿ ಹಿಡಿದು, ಅದು ಓಡು ಒಡೆದದ್ದನ್ನು ಅವಳು ಕತ್ತು ಕೊಂಕಿಸಿ ಮಾಡಿ ತೋರಿಸುತ್ತಿದ್ದಳು. ಮಾತು ಮುಗ್ಗರಿಸುತ್ತಿತ್ತು, ಅಷ್ಟು ದಿನದ್ದೆಲ್ಲ ಒಟ್ಟಿಗೆ ಬರುತ್ತಿತ್ತು. ಹೆಸರು ಬರೆಯುತ್ತಾಳೆ ಎಂದು ಎದ್ದುಹೋಗುತ್ತಿದ್ದ ಐದನೇ ತರಗತಿಯವಳು “ನಂಗೆ ಒಂದ್ಸಲ ಕೊಡೇ” ಎಂದು ಅವಳ ಮೊಣಕೈ ಹಿಡಿದುಕೊಂಡಿದ್ದಳು.

ಯಾರೋ ನನ್ನನ್ನು ನೋಡಿದರು. “ಸಾ ಬಂದ್ರು!” ಇಡೀ ಕೊಠಡಿ ಕಲ್ಲಾಯಿತು. ಅವಳು ಮರಿಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ತಲೆ ಚಿಟಚಿಟ ಎನ್ನುತ್ತಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಇಪ್ಪತ್ತು ವರ್ಷದ ಅಭ್ಯಾಸಕ್ಕೆ ‘ಸುಮ್ನಿರಿ’ ನಾಲಿಗೆಯ ತುದಿಗೆ ಬಂದಿತ್ತು.

“ಆಮೇಲೆ?” ಎಂದೆ.

ಅವಳಿಗೆ ತಿಳಿಯಲಿಲ್ಲ. ಬೆರಳುಗಳ ಸಂದಿಯಿಂದ ನನ್ನನ್ನೇ ನೋಡಿದಳು.

“ಮೊಟ್ಟೆ ಟಿಕ್ ಟಿಕ್ ಅಂತಲ್ಲವ್ವ. ಆಮೇಲೆ ಏನಾಯ್ತು?”

ಅವಳು ಬಾಯಿಂದ ಕೈ ತೆಗೆದಳು. “ಆಮ್ಯಾಕಾ ಸಾ?” ಎಂದು ಉಸಿರು ಎಳೆದುಕೊಂಡು ಶುರುಮಾಡಿದಳು. ನಾನು ಕಿಟಕಿಯ ಸರಳು ಹಿಡಿದು ಪೂರ್ತಿ ಕೇಳಿದೆ. ಹನ್ನೊಂದು ಮೊಟ್ಟೆಯಲ್ಲಿ ಒಂಬತ್ತು ಮರಿ ಆಗಿದ್ದವು.

ಅಂದು ಸಂಜೆ ಹನೂರಿನಲ್ಲಿ ಬಸ್ಸು ಇಳಿದು ಮಹಡಿ ಹತ್ತಿದೆ. ಬೀಗ ತೆಗೆದು ಒಳಗೆ ಹೋಗಿ ಚಪ್ಪಲಿ ಬಿಟ್ಟೆ. ಮೂರು ವರ್ಷದಲ್ಲಿ ಮೊದಲ ಸಲ ಆ ರೂಮಿನಲ್ಲಿ ಬಾಯಿಬಿಟ್ಟು ಮಾತಾಡಿದೆ. “ಇವತ್ತೇನಾಯ್ತು ಗೊತ್ತಾ?” ಎಂದೆ. ಬ್ಯಾಗು ಹೆಗಲಿನಲ್ಲೇ ಇತ್ತು. ಫೋನು, ಸಾಹೇಬರು, ಗದ್ದಲ, ಕೋಳಿಮರಿ, ಎಲ್ಲವನ್ನೂ ನಿಂತಲ್ಲೇ ಹೇಳುತ್ತಾ ಹೋದೆ. ಹುಡುಗಿ ಬಾಯಿಂದ ಕೈ ತೆಗೆದಳು ಎನ್ನುವವರೆಗೆ ಬಂದು ನಿಲ್ಲಿಸಿ, ಸ್ವಲ್ಪ ಹೊತ್ತು ಕಾದೆ. ಹೆಂಡತಿ ಬದುಕಿದ್ದಾಗ ನಾನು ಒಂದು ಸಲವಾದರೂ ‘ಆಮೇಲೆ?’ ಎಂದಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಈಗ ನನಗೆ ‘ಆಮೇಲೆ?’ ಎನ್ನಲು ಅಲ್ಲಿ ಯಾರೂ ಇರಲಿಲ್ಲ. ಬ್ಯಾಗು ಇಳಿಸಿ, ಒಲೆ ಹಚ್ಚಿ, ಒಬ್ಬನಿಗಾಗುವಷ್ಟು ಕಾಫಿಗೆ ನೀರಿಟ್ಟೆ.